ಚಲುವಮ್ಮನ ಹಸಿರು ಸೀರೆ

ಕ್ಯಾರವಾನ್ ಮಾಲೀಕರಾದ ಶಶಿಕುಮಾರ್ ಅವರಿಗೆ ನಮಸ್ಕಾರ.

‘ಐ ಬೆಗ್ ಟು ಸ್ಟೇಟ್ ದಟ್’ ಎಂದು ಕಾಲೇಜಿನ ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ, ಮುಂದಿನದು ಮರೆತಿದೆ. ಕಾಡಂಚಿನಲ್ಲಿ ಗಾಡಿ ನಿಲ್ಲಿಸಿದನೆಂದು ಡ್ರೈವರ್ ಲೋಹಿತನನ್ನು ಕೆಲಸದಿಂದ ತೆಗೆದಿರಂತೆ. ತಪ್ಪು ಅವನದಲ್ಲ.

ಬಾಡಿಗೆ ಕ್ಯಾರವಾನಿನಲ್ಲಿ ಇದು ನಮ್ಮ ಮನೆಯವರ ಮೊದಲ ಪ್ರವಾಸ. ಕುಶಾಲನಗರದಿಂದ ಹೊರಡುವಾಗಲೇ ಲೋಹಿತ ಕೇಳಿದ್ದ: “ಅಜ್ಜಾ, ಹಲಸಿನಹಣ್ಣು ಗಿಣ್ಣು ಇಟ್ಕೊಂಡಿಲ್ಲ ತಾನೆ? ವಾಸನೆಗೆ ಆನೆ ಬರ್ತದೆ.”

“ನೋ ನೋ, ಓನ್ಲಿ ಬೆಡ್‌ಶೀಟ್ಸ್,” ಅಂದೆ.

ಕುಟ್ಟದ ಬೀಗರ ಮನೆಗೆ ಬರಿಗೈಲಿ ಹೋಗುವುದು ತೀರಿಕೊಂಡ ನನ್ನ ಹೆಂಡತಿ ಚಲುವಮ್ಮನಿಗೆ ಆಗುತ್ತಿರಲಿಲ್ಲ. ಅವಳ ಸೀರೆಯಲ್ಲೇ ಹಲಸಿನಹಣ್ಣು ಸುತ್ತಿ ಗಾಡಿಯೊಳಗಿನ ಮಂಚದಡಿ ಬಚ್ಚಿಟ್ಟಿದ್ದೆ.

ಚೆಟ್ಟಳ್ಳಿ ದಾಟಿ, ಕಾಡಂಚಿನಲ್ಲಿ ಗಾಡಿ ನಿಲ್ಲಿಸಿ ನಾವು ಹೊರಗೆ ಊಟಕ್ಕೆ ಕೂತಿದ್ದಾಗ, ಆನೆಯ ದಂತ ತಗಡು ಸೀಳಿಕೊಂಡು ಮೊಮ್ಮಗಳು ಮಲಗಿದ್ದ ಮಂಚಕ್ಕೇ ಬಂತು. ಲೋಹಿತ ಒಳಗೆ ನುಗ್ಗಿ ಮಗುವನ್ನು ಕಿಟಕಿಯಿಂದ ನಮ್ಮ ಕೈಗೆ ಎಸೆದ. ಮರುಕ್ಷಣ ಆನೆ ದೂಡಿದ ರಭಸಕ್ಕೆ ಗಾಡಿ ಮಗುಚಿತು. ಅವನ ಬಲಗೈ ಅದರಡಿ ನಜ್ಜುಗುಜ್ಜಾಯಿತು. ಮೂಳೆ ಮುರಿದ ಆ ಸದ್ದು ಈಗಲೂ ಕಿವಿಯಲ್ಲಿದೆ. ನೀವು ಬಂದು ವಿಚಾರಿಸಿದಾಗ, ಮಗ ಸೊಸೆಯ ಎದುರು ನಾನು ಹಣ್ಣಿನ ವಿಷಯ ಬಾಯಿ ಬಿಡಲಿಲ್ಲ.

ಗಾಡಿಯೊಳಗೆ ಹಸಿರು ಸೀರೆ ಹುಡುಕಿಸಿ, ಹಲಸಿನ ಅಂಟು ಅದರಲ್ಲಿದೆ. ಚಲುವಮ್ಮನದೆಂದು ನನ್ನ ಹತ್ತಿರ ಉಳಿದಿದ್ದು ಅದೊಂದೇ. ವಾಪಸು ಕೇಳುವುದಿಲ್ಲ. ಸಾಕ್ಷಿಗೆ ಇಟ್ಟುಕೊಂಡು, ಕೈ ವಾಸಿಯಾದ ಮೇಲೆ ಲೋಹಿತನನ್ನು ಕೆಲಸಕ್ಕೆ ಕರೆಯಿರಿ.

‘ಯುವರ್ಸ್ ಫೇತ್‌ಫುಲಿ’ ಎನ್ನಲು ಮುಖವಿಲ್ಲ.

ಇತಿ,
ಜಯರಾಮೇಗೌಡ