ಅಣ್ಣನ ಬಂಗಲೆಯ ಅಳತೆ

ಮಂಗಳವಾರ, ೧೧ ಫೆಬ್ರುವರಿ ೨೦೨೫

ಅಣ್ಣ ಇನ್ನು ನನ್ನ ಜೊತೆ ಮಾತಾಡುವುದಿಲ್ಲವಂತೆ. ಸಂಜೆ ಬಂದು ಅಂಗಳದಲ್ಲೇ ನಿಂತು ಹೇಳಿದ. ಒಳಗೆ ಬಾ ಎಂದರೂ ಬರಲಿಲ್ಲ.

ಇವತ್ತು ಪಂಚಾಯಿತಿ ಸಭೆಗೆ ಬುದ್ಧನಗರದ ಪದ್ಮವ್ವ ಬಂದಿದ್ದಳು. ಅವಳ ಗಂಡ ಕತ್ತಲಲ್ಲಿ ಗಟಾರಕ್ಕೆ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾನೆ.

"ನಾವ್ ಎಂದೂ ಮನಿಪಟ್ಟಿ ತಪ್ಪಿಸಿಲ್ರಿ. ನಮ್ಮ ಓಣಿಗಿ ಒಂದ್ ದೀಪಾ ಯಾಕಿಲ್ಲ?"

"ರೊಕ್ಕಿಲ್ಲವ್ವ," ಎಂದರು ಅಧ್ಯಕ್ಷರು.

ರೊಕ್ಕ ಯಾಕಿಲ್ಲ ಎಂಬುದು ಸದಸ್ಯರಿಗೆಲ್ಲ ಗೊತ್ತು. ಕಾಗವಾಡ ರಸ್ತೆಯ ದ್ರಾಕ್ಷಿ ತೋಟಗಳಲ್ಲಿರುವ ಬಂಗಲೆಗಳೆಲ್ಲ ಕಾಗದದಲ್ಲಿ ದ್ರಾಕ್ಷಿ ಒಣಗಿಸಿ ಮನೂಕ ಮಾಡುವ ಶೆಡ್ಡುಗಳು. ಅವಕ್ಕೆ ಮನೆಪಟ್ಟಿಯ ತೆರಿಗೆಯಿಲ್ಲ. ಆದರೆ ಅವುಗಳ ಬಾಗಿಲವರೆಗೂ ಡಾಂಬರು ಇದೆ, ದೀಪಗಳಿವೆ. ನಾನೂ ಸದಸ್ಯೆ, ಎಷ್ಟು ದಿನ ಸುಮ್ಮನಿರಲಿ? ಎದ್ದು ನಿಂತು, ಎಲ್ಲ ಬಂಗಲೆಗಳನ್ನೂ ಅಳೆಯಿರಿ, ಮೊದಲು ನಮ್ಮಣ್ಣನದು ಎಂದೆ. ಯಾರೂ ಎದುರಾಡಲಿಲ್ಲ. ಠರಾವು ಪಾಸಾಯಿತು.

"ಊರಾಗ ಇಷ್ಟ್ ಬಂಗಲೆ ಅದಾವ. ನನ್ನ ಹೆಸರ ಯಾಕ ತಗೊಂಡಿ, ನೀಲವ್ವ?" ಅಂದ ಅಣ್ಣ, ಸಂಜೆ ಅಂಗಳದಲ್ಲಿ ನಿಂತು.

"ಬ್ಯಾರೇದವರ ಹೆಸರ ತಗೊಂಡಿದ್ರ ನನ್ನ ಮಾತ ಯಾರ ಕೇಳತಿದ್ರು?"

"ಅಪ್ಪ ಹೋದ ಮ್ಯಾಲ ನಿನ್ನ ಹೆಗಲ ಮ್ಯಾಲ ಹೊತ್ತ ಬೆಳಸೀನಿ."

ಅದು ನಿಜ. ಅವನು ಹೋದ ಮೇಲೆ ಊಟ ಸೇರಲಿಲ್ಲ. ತಪ್ಪು ಮಾಡಿದೆ ಎಂದು ಮಾತ್ರ ಅನಿಸುತ್ತಿಲ್ಲ.

ನಾಳೆ ಅಳೆಯುವವರ ಜೊತೆ ಒಬ್ಬ ಸದಸ್ಯರು ಇರಬೇಕಂತೆ. ಉಳಿದವರೆಲ್ಲ ತಲೆ ತಗ್ಗಿಸಿದರು, ನಾನೇ ಬರುತ್ತೇನೆ ಎಂದುಬಿಟ್ಟೆ. ಅತ್ತಿಗೆಯಂತೂ ಬಾಗಿಲು ಹಾಕುವವಳಲ್ಲ. ಎಂದಿನಂತೆ ಚಹಾ ತಂದು ಮುಂದೆ ಹಿಡಿದರೆ, ಟೇಪು ಹಿಡಿದ ಈ ಕೈಯಿಂದ ಅದನ್ನು ಹೇಗೆ ತೆಗೆದುಕೊಳ್ಳಲಿ?