ಮಗುವನ್ನು ನೋಡಲು ಹೊರಟಿದ್ದೆ

ಪ್ರೀತಿಯ ಅಕ್ಕ,

ಕಳೆದ ಭಾನುವಾರ ನನಗೆ ಜ್ವರ, ಅದಕ್ಕೇ ಬರಲಿಲ್ಲ ಎಂದು ಅಮ್ಮ ನಿನಗೆ ಹೇಳಿದ್ದು ಸುಳ್ಳು. ನಾನು ಒಬ್ಬಳೇ ಹೊರಟಿದ್ದೆ. ಮಾತ್ರೆ, ನೀರು, ನಿನ್ನ ಮಗಳಿಗೆಂದು ಹೆಣೆದ ಟೋಪಿ ಎಲ್ಲ ಚೀಲದಲ್ಲಿತ್ತು. ರೈಲು ಹತ್ತಿ ಎರಡು ಗಂಟೆಯಾಗಿರಬೇಕು, ಮೂರ್ಛೆ ಬಂತು. ಎಂಟು ತಿಂಗಳಿಂದ ಒಮ್ಮೆಯೂ ಬಂದಿರಲಿಲ್ಲ.

ಎಚ್ಚರವಾದಾಗ ಗುರುತಿಲ್ಲದ ಹೆಂಗಸೊಬ್ಬರು ನನ್ನ ತಲೆ ಹಿಡಿದುಕೊಂಡಿದ್ದರು. ಬಟ್ಟೆ ಹೊಲಿಯುವ ಕೆಲಸವಂತೆ ಅವರದು. ನನ್ನ ಬಾಯಿಗೆ ಚಮಚ ತುರುಕಲು ಬಂದವನನ್ನು ಗದರಿಸಿ ಕಳಿಸಿದ್ದರಂತೆ. “ಯಾರಿಗೆ ಫೋನ್ ಮಾಡ್ಲಮ್ಮಾ?” ಎಂದು ಕೇಳಿದರು. ನಿನ್ನ ನಂಬರು ತುಟಿಯವರೆಗೆ ಬಂತು, ಅಮ್ಮನದನ್ನು ಕೊಟ್ಟೆ. ತಮ್ಮ ಊರು ಇನ್ನೂ ದೂರವಿದ್ದರೂ ಮುಂದಿನ ನಿಲ್ದಾಣದಲ್ಲಿ ನನ್ನ ಜೊತೆ ಇಳಿದು, ಅಮ್ಮ ಬರುವವರೆಗೆ ಕೂತಿದ್ದರು. ನಿನ್ನ ಮಗಳನ್ನು ನೋಡಲು ಹೊರಟಿದ್ದೆ ಎಂದು ಅವರಿಗೆ ಹೇಳಿದೆ. ಹೋಗುವಾಗ, ಚೀಲದಿಂದ ಕೆಳಗೆ ಬಿದ್ದಿದ್ದ ಟೋಪಿಯ ಧೂಳು ಕೊಡವಿ, “ಇದನ್ನ ಯಾರ ಕೈಲೂ ಕಳಿಸ್ಬೇಡ. ನೀನೇ ಹೋಗಿ ತೊಡಿಸು” ಅಂದರು.

“ಅವಳ ಕೈಗೆ ಮಗು ಕೊಡೋಕೆ ಭಯ ಆಗುತ್ತಮ್ಮ” ಎಂದು ನೀನು ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತ್ತು. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ಭಯ ನನಗೂ ಇದೆ ಅಕ್ಕ.

ಡಾಕ್ಟರು ಮಾತ್ರೆ ಬದಲಿಸಿದ್ದಾರೆ. ಜೊತೆಗೊಬ್ಬರಿದ್ದರೆ ಪ್ರಯಾಣ ಮಾಡಬಹುದು ಎಂದಿದ್ದಾರೆ. ಬರುವ ಶನಿವಾರ ಅಮ್ಮನ ಜೊತೆ ಬರುತ್ತೇನೆ. ನೆಲದ ಮೇಲೆ ಹಾಸಿಗೆ ಹಾಸಿಡು. ನಾನು ಗೋಡೆಗೆ ಒರಗಿ ಕೂರುತ್ತೇನೆ. ನೀನು ಪಕ್ಕದಲ್ಲೇ ಕೂತು, ಮಗುವಿನ ಕೆಳಗೆ ನಿನ್ನ ಕೈಯನ್ನೂ ಇಟ್ಟಿರು. ಐದು ನಿಮಿಷ ಸಾಕು.

ನಿನ್ನ
ತಂಗಿ