ಫ್ಯಾನಿನ ಸದ್ದು ತಗ್ಗಿದ ಬೆಳಿಗ್ಗೆ

ನನ್ನ ಬಂಗಾರಿ ಗಂಗೋತ್ರಿಗೆ,

ರಜೆಗೆಂದು ಮಡಕಶಿರಾದ ಮಾವನ ಮನೆಗೆ ಹೋದವಳು ನಿನ್ನೆ ಫೋನ್ ಮಾಡಿ, "ಅವ್ವ, ನನ್ ಸಲುವಾಗಿ ನೀನು ಲ್ಯಾಪ್‌ಟಾಪ್ ಬಿಚ್ಚಿದ್ದೆಂತ, ಖರೇನಾ?" ಎಂದು ಕೇಳಿದೆ. ಆಗ ನಾನು ನಕ್ಕುಬಿಟ್ಟೆ. ನೀನು ದೊಡ್ಡವಳಾದ ಮೇಲೂ ಓದಿಕೊಳ್ಳಲೆಂದು ಬರೆಯುತ್ತಿದ್ದೇನೆ.

ನಿನಗಾಗ ಮೂರು ವರ್ಷ. ಕಿವಿಗಳಿಗೆ ಹಿಯರಿಂಗ್ ಮಷೀನ್ ಹಾಕಿಸಿ ಕೆಲವೇ ತಿಂಗಳಾಗಿತ್ತು. ಕೇಳುವುದನ್ನೂ ಮಾತನ್ನೂ ಕಲಿಸುವ ಬಸವರಾಜೇಶ್ವರಿ ಟೀಚರ ಹತ್ತಿರ ನಿನ್ನನ್ನೆತ್ತಿಕೊಂಡು ಬಳ್ಳಾರಿಗೆ ಹೋಗಿಬರುತ್ತಿದ್ದೆ. ಕೊರೊನಾ ಬಂದು ಬಸ್ಸುಗಳು ನಿಂತವು. ವಿಡಿಯೊದಲ್ಲೇ ಪಾಠ ಮಾಡುತ್ತೇನೆ ಎಂದರು ಟೀಚರು. ನಿನ್ನ ತಿಮ್ಮರಾಜು ಮಾವ ತನ್ನ ಹಳೆಯ ಲ್ಯಾಪ್‌ಟಾಪನ್ನು ತರಕಾರಿ ಲಾರಿಯಲ್ಲಿ ರಾಯದುರ್ಗದ ನಮ್ಮ ಮನೆಗೆ ಕಳಿಸಿದ.

ಜೀನ್ಸ್ ಯೂನಿಟ್ ಮುಚ್ಚಿದ್ದರಿಂದ ನಿಮ್ಮಪ್ಪ ಮನೆಯಲ್ಲೇ ಜೀನ್ಸ್ ಹೊಲಿಯುತ್ತಿದ್ದರು. ಆ ಬಟ್ಟೆಯ ನೀಲಿ ಧೂಳು ಅನ್ನದ ಪಾತ್ರೆಯ ಮುಚ್ಚಳವನ್ನೂ ಬಿಡುತ್ತಿರಲಿಲ್ಲ. ಪಾಠದ ಹೊತ್ತಿಗೆ ಅವರು ಹೊಲಿಗೆ ನಿಲ್ಲಿಸುತ್ತಿದ್ದರು. ಲ್ಯಾಪ್‌ಟಾಪಿನ ಫ್ಯಾನು ಮಾತ್ರ ಬರಬರುತ್ತಾ ಬೋರ್‌ವೆಲ್ ಮೋಟರಿನಂತೆ ಕೂಗತೊಡಗಿತು. ನಮಗೇ ತಲೆನೋವು ತರಿಸುತ್ತಿದ್ದ ಆ ಸದ್ದು ಮಷೀನು ಹಾಕಿದ ನಿನ್ನ ಕಿವಿಗೆ ಇನ್ನೂ ದೊಡ್ಡದಾಗಿ ಬೀಳುತ್ತಿತ್ತು. ನೀನು ಮಷೀನುಗಳನ್ನು ಕಿತ್ತೆಸೆದು ನನ್ನ ಸೆರಗಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದೆ. ಲ್ಯಾಪ್‌ಟಾಪ್ ಇಲ್ಲದ ಹೊತ್ತಿನಲ್ಲೂ ಅವನ್ನು ಹಾಕಿಸಿಕೊಳ್ಳದಾದೆ.

"ಮಾತು ಕಲಿಯೋ ವಯಸ್ಸು ಇದ ಐತ್ರಿ. ಈಗ ಕಿವಿ ಖಾಲಿ ಬಿಟ್ರ ಆಮ್ಯಾಲ ಭಾಳ ಕಷ್ಟ ಆಗ್ತದ," ಎಂದರು ಟೀಚರು.

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ರಿಪೇರಿ ಅಂಗಡಿಗಳೆಲ್ಲ ಮುಚ್ಚಿದ್ದವು. ಮಾವನಿಗೆ ಫೋನ್ ಮಾಡಿದರೆ, ಧೂಳು ಕಟ್ಟಿರಬೇಕು, ನೀನೇ ಬಿಚ್ಚಿ ಒರೆಸು ಅಂದ. ಕೆಟ್ಟುಹೋದರೆ ಇರುವ ಪಾಠವೂ ಹೋಗುತ್ತದೆಂದು ನಿಮ್ಮಪ್ಪನಿಗೆ ಭಯ. ನನಗೇನು ಕಡಿಮೆಯೇ? ಆದರೂ ಪಕ್ಕದ ಮನೆಯ ಬೊಮ್ಮಣ್ಣನಿಂದ ಗಡಿಯಾರ ಬಿಚ್ಚುವ ಸಣ್ಣ ಸ್ಕ್ರೂಡ್ರೈವರ್ ಇಸಿದುಕೊಂಡು ಬಂದೆ.

ಚಾರ್ಜರ್ ಕಿತ್ತು, ಪೂರ್ತಿ ಆಫ್ ಮಾಡಿ, ಬ್ಯಾಟರಿ ತೆಗೆದು, ಸ್ಕ್ರೂಗಳನ್ನು ಬಟ್ಟಲಿಗೆ ಹಾಕುತ್ತಾ ಹೋದೆ. ಫೋನಿನ ಸ್ಪೀಕರಿನಲ್ಲಿ ಮಾವ, "ಫ್ಯಾನ್ ತಿರುಗ್ದಂಗೆ ಬೆರಳಲ್ಲಿ ಹಿಡ್ಕಳವ್ವ. ಒಣಗಿರೋ ಬ್ರಷ್ಷಲ್ಲಿ ಮೆತ್ತಗೆ ಆಡ್ಸು. ಬಾಯಲ್ಲಿ ಊದ್‌ಬ್ಯಾಡ, ಎಂಜ್ಲು ಬೀಳ್ತದೆ," ಎಂದ. ಮುಚ್ಚಳ ತೆಗೆದರೆ, ಗಾಳಿ ಹೊರಹೋಗುವ ಜಾಲರಿಗೆ ನೀಲಿ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಅದನ್ನು ನೋಡಿ ನಿಮ್ಮಪ್ಪ ತಮ್ಮ ಹೊಲಿಗೆ ಮಷೀನನ್ನು ಎತ್ತಿ ಹೊರಗಿನ ಜಗಲಿಯಲ್ಲಿಟ್ಟರು. ಆಮೇಲೆ ಬಿಸಿಲಿರಲಿ, ಗಾಳಿಯಿರಲಿ, ಅಲ್ಲೇ ಕೂತು ಹೊಲಿದರು. ಹಾಗೆ ಮಾಡಿ ಎಂದು ನಾನು ಕೇಳಿರಲಿಲ್ಲ.

ಜಾಲರಿ ಚೊಕ್ಕಟವಾಯಿತು. ಎಲ್ಲವನ್ನೂ ಮತ್ತೆ ಜೋಡಿಸಿ ಸ್ಕ್ರೂ ಬಿಗಿದೆ. ಅದುವರೆಗೆ ಕೌದಿಯ ಮೇಲಿಡುತ್ತಿದ್ದ ಲ್ಯಾಪ್‌ಟಾಪನ್ನು ಕೆಳಗೆ ಗಾಳಿ ಆಡಲೆಂದು ಹಲಗೆಯ ಮೇಲಿಟ್ಟೆ. ಆನ್ ಮಾಡಿ, ಸ್ಕ್ರೀನಿನಲ್ಲಿ ಬೇಡದ್ದನ್ನೆಲ್ಲ ಮುಚ್ಚಿ, ಪಾಠದ್ದೊಂದನ್ನೇ ತೆರೆದೆ. ಫ್ಯಾನು ತಿರುಗಿತು. ಕಿವಿಗೊಟ್ಟು ಕೇಳಿದರೆ ಮಾತ್ರ ತಿಳಿಯುವಷ್ಟು ಮೆಲ್ಲಗೆ.

ಮೊದಲ ದಿನ ನೀನು ನಂಬಲಿಲ್ಲ. ಮಷೀನು ಹಾಕಿಸಿಕೊಂಡೆ, ಆದರೆ ಕೈಗಳನ್ನು ಕಿವಿಯ ಹತ್ತಿರವೇ ಇಟ್ಟುಕೊಂಡು ಕೂತಿದ್ದೆ. ದಿನ ಕಳೆದಂತೆ ಆ ಕೈಗಳು ತಾವಾಗಿಯೇ ಇಳಿದವು. ಟೀಚರು ತುಟಿ ಕಾಣದಂತೆ ಬಾಯಿಗೆ ಕಾಗದ ಅಡ್ಡ ಹಿಡಿದು "ಆ" ಎಂದರೆ, ಕೇಳಿಸಿತೆಂದು ತೋರಿಸಲು ನೀನು ಜೀನ್ಸಿನ ಗುಂಡಿಯೊಂದನ್ನು ಲೋಟಕ್ಕೆ ಹಾಕಬೇಕಿತ್ತು. ಒಂದು ಬೆಳಿಗ್ಗೆ ನೀನು ಹಾಕಿದೆ. ಅವರು "ಉ" ಎಂದರು, ಮತ್ತೆ ಹಾಕಿದೆ. ಟೀಚರು ಕಣ್ಣೊರೆಸಿಕೊಂಡರು. ನಾನು ಅಳು ಬಂದು ಒಲೆಯ ಹತ್ತಿರ ಎದ್ದುಹೋದೆ. ಅಲ್ಲಿಂದಲೇ, ಏನೂ ಯೋಚಿಸದೆ, "ಗಂಗೀ" ಅಂದೆ.

ನೀನು ತಿರುಗಿ ನೋಡಿದೆ.

ಮಾವನ ಮನೆಯ ಮಕ್ಕಳೊಂದಿಗೆ ಚೆನ್ನಾಗಿ ಆಡು, ಜಗಳವಾಡಿದರೂ ಬಾಯಿ ತುಂಬಾ ಮಾತಾಡು. ಒಳ್ಳೆಯ ಮಾತುಗಳೇ ನಿನ್ನ ಕಿವಿಗೆ ಬೀಳಲಿ, ಮಗಳೇ.

ನಿನ್ನ ದಾರಿ ನೋಡುತ್ತಿರುವ
ಅವ್ವ